ಏನನ್ನೂ ಕೇಳದ ತಾಯಿ

೨೦೦೧ರ ನವೆಂಬರ್ ೪, ರವಿವಾರ. ಪುಣೆಯ ಯೆರವಡಾದ ಕನ್ನಡ ಬಳಗದ ರಾಜ್ಯೋತ್ಸವದ ಊಟಕ್ಕೆ ನಾನೂರ ಹನ್ನೆರಡು ಎಲೆ. ವೇದಿಕೆಯ ಮೇಲೆ ಸನ್ಮಾನ ಎಪ್ಪತ್ತೊಂದು ವರ್ಷದ ವರದಾಬಾಯಿಯವರಿಗೆ. ವೇದಿಕೆಯ ಹಿಂದೆ ಅಡಿಗೆಯೂ ಅವರದೇ. ಎರಡೂ ಒಂದೇ ಹೊತ್ತಿಗೆ ಬೀಳುತ್ತವೆಂಬುದು ಸಮಿತಿಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಪಕ್ಕದಲ್ಲಿ ನಿಂತು ಗೋದಿ ಹುಗ್ಗಿ ತಿರುವುತ್ತಿದ್ದ ಚಂದಮ್ಮ, ಕಟ್ಟಡದ ಕೂಲಿಗೆಂದು ಯಾದಗಿರಿ ಕಡೆಯಿಂದ ಬಂದವಳು. ಅಂಥವರ ಮಕ್ಕಳಿಗೆ ವರದಾಬಾಯಿ ಒಂಬತ್ತು ವರ್ಷಗಳಿಂದ ಒಂದು ತಗಡಿನ ಶೆಡ್ಡಿನಲ್ಲಿ ಅಕ್ಷರ ಕಲಿಸುತ್ತಿದ್ದರು. ಹೋದ ವಾರ ಬಿಲ್ಡರ್ ಆ ಶೆಡ್ಡನ್ನು ಕೆಡವಿದ. ಬಳಗದ ಸಭಾಭವನಕ್ಕೆ ಹಿಂದೊಂದು ಕೋಣೆಯಿತ್ತು. ಅದು ಈ ಮಕ್ಕಳಿಗೆಂದೇ ಹೇಳಿ, ಮನೆಮನೆ ತಿರುಗಿ ವಂತಿಗೆ ಎತ್ತಿದವರು ವರದಾಬಾಯಿ. ಕಟ್ಟಿ ಮುಗಿದ ದಿನವೇ ಅದಕ್ಕೆ ಬೀಗ ಬಿದ್ದಿತ್ತು.

“ನಾಳಿಂದ ಹುಡುಗ್ರು ಇಲ್ಲಿಗೇ ಬರಬೇಕೇನ್ರಿ, ಅವ್ವಾರ?”

“ಬರಲಿ. ರಾಜ್ಯೋತ್ಸವ ಮುಗೀಲಿ, ಕೀಲಿ ಕೊಡತೀನಿ ಅಂದಾರ ಅಧ್ಯಕ್ಷರು.”

ಅಷ್ಟರಲ್ಲಿ ಧ್ವನಿವರ್ಧಕ ಕರಕರ ಎಂದಿತು. ಅಧ್ಯಕ್ಷ ಮಹಾಲಿಂಗ ಸನ್ಮಾನಪತ್ರ ಓದತೊಡಗಿದ. ಧಾರವಾಡದ ಹುಡುಗಿ ಹತ್ತೊಂಬತ್ತನೆಯ ವಯಸ್ಸಿಗೆ ಪುಣೆಗೆ ಸೊಸೆಯಾಗಿ ಬಂದದ್ದು, ಮೂರು ಮಕ್ಕಳನ್ನು ಸಾಕಿದ್ದು, ಹಾಸಿಗೆ ಹಿಡಿದ ಅತ್ತೆಯನ್ನು ಏಳು ವರ್ಷ ನೋಡಿಕೊಂಡದ್ದು. ಅಲ್ಲಿಯವರೆಗೆ ವರದಾಬಾಯಿ ಬದನೆಕಾಯಿಗೆ ಮಸಾಲೆ ತುಂಬುತ್ತ ಸುಮ್ಮನೆ ಕೇಳಿದರು.

“ಪಾನಶೆತ್ ಅಣೆಕಟ್ಟು ಒಡೆದ ಪ್ರವಾಹದಲ್ಲಿ ಸಂತ್ರಸ್ತರಿಗೆ ಅನ್ನ ಬಡಿಸಿದ ಅನ್ನಪೂರ್ಣೆ...”

“ಒಲಿನೇ ಕೊಚ್ಚಿಕೊಂಡು ಹೋಗಿತ್ತು, ಎಲ್ಲಿ ಅನ್ನ? ಹತ್ತು ದಿನ ಕೆಸರು ಎತ್ತೀವಿ. ಸೊಂಟ ಇನ್ನೂ ನೋಯ್ತದ,” ಎಂದರು ವರದಾಬಾಯಿ, ಚಂದಮ್ಮನಿಗಷ್ಟೇ ಕೇಳುವಂತೆ.

“ಪತಿಯ ಮಾತನ್ನು ಎಂದೂ ಮೀರದ ಗೃಹಿಣಿ...”

“ನಮ್ಮನಿಯವರು ಇದ್ದಿದ್ರ ಈಗ ಎದ್ದು ನಿಂತು ತಕರಾರು ಮಾಡ್ತಿದ್ರು.”

ಚಂದಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

“ಬಳಗಕ್ಕಾಗಿ ಮೂವತ್ತು ವರ್ಷ ದುಡಿದೂ, ತನಗೆಂದು ಬಾಯಿಬಿಟ್ಟು ಏನನ್ನೂ ಕೇಳದ ತಾಯಿ. ಈ ತಾಯಿಯ ಗೌರವಾರ್ಥ ನಮ್ಮ ಹಿಂದಿನ ಕೋಣೆಯನ್ನು ನಾಳೆಯಿಂದ ‘ವರದಾ ಅತಿಥಿಗೃಹ’ ಎಂದು ಕರೆಯಲಾಗುವುದು. ಮಂಚ, ಕೂಲರ್ ಬಂದಾಗಿದೆ.”

ಚಪ್ಪಾಳೆ ಬಹಳ ಹೊತ್ತು ನಡೆಯಿತು. ಚಂದಮ್ಮನ ನಗೆ ಎಲ್ಲೋ ಹೋಗಿತ್ತು. ಸಟ್ಟುಗ ನಿಲ್ಲಿಸಿ ಅವಳು ಕೇಳಿದಳು, “ಅಂದ್ರ ನಾಳಿಂದ ಬ್ಯಾಡಂತೇನ್ರಿ?”

“ತಿರುವು. ತಳ ಹತ್ತೀತು,” ಎಂದ ವರದಾಬಾಯಿ ಕೈ ತೊಳೆಯದೆಯೇ ವೇದಿಕೆ ಏರಿದರು. ಆ ಕೋಣೆಯನ್ನು ಅವರು ಆರು ಸಲ ಕೇಳಿದ್ದರು. ಎರಡು ಸಲ ಇದೇ ಮಹಾಲಿಂಗನ ಮನೆಗೇ ಹೋಗಿ, ಕೊಟ್ಟ ಚಹಾ ಮುಟ್ಟದೆ ಕೇಳಿದ್ದರು. ಮಹಾಲಿಂಗ ಶಾಲು ಬಿಚ್ಚಿದ. ಅವರು ಅರಿಸಿನದ ಕೈಯನ್ನು ಅಡ್ಡ ಹಿಡಿದರು.

“ಏನೂ ಕೇಳಲಾರದಾಕಿ ಅಂದ್ರೆಲಾ, ಆಕಿ ಯಾರೋ ನನಗ ಗೊತ್ತಿಲ್ಲ. ನಾ ಕೇಳೀನಿ. ಈಗ ಎಲ್ಲಾರ ಮುಂದ ಇನ್ನೊಮ್ಮೆ ಕೇಳ್ತೀನಿ. ಕೋಣಿ ಹುಡುಗ್ರಿಗೆ ಕೊಡ್ತೀರೋ, ಇಲ್ಲೋ?”

“ಬಾಯಾರ, ನಿಮ್ಮ ಹೆಸರೇ ಇಟ್ಟೇವಲ್ರಿ,” ಎಂದ ಮಹಾಲಿಂಗ, ಮೈಕನ್ನು ಅಂಗೈಯಿಂದ ಮುಚ್ಚಿ. “ಮದಲ ಊಟ ಆಗ್ಲಿ. ಆಮ್ಯಾಲೆ ನೋಡೋಣಂತ.”

“ಊಟ ಆದಮ್ಯಾಲೆ ಇಲ್ಲಿ ಯಾರಿರ್ತೀರಿ? ಎಲಿ ತಗಿಲಿಕ್ಕೆ ನಾವಿಬ್ರೇ ಇರೋದು.”

ಸಭೆಯಲ್ಲಿ ಯಾರೋ ಕೆಮ್ಮಿದರು. ನಾನೂರ ಹನ್ನೆರಡು ಜನರಲ್ಲಿ ಒಬ್ಬನಾದರೂ ‘ಕೊಡ್ರಿ’ ಎನ್ನಬಹುದೆಂದು ವರದಾಬಾಯಿ ಒಂದು ಕ್ಷಣ ಕಾದರು. ಮುಂದಿನ ಸಾಲಿನವರು ಗಡಿಯಾರ ನೋಡಿಕೊಂಡರು.

ಅವರು ಇಳಿದು ಹೋಗಿ ಬಡಿಸಿದರು. ಹುಗ್ಗಿಯಾಗಲಿ ತುಪ್ಪವಾಗಲಿ ಯಾರಿಗೂ ಕಡಿಮೆ ಬೀಳಲಿಲ್ಲ. ಆದರೆ ಪ್ರತಿ ಪಂಕ್ತಿಯ ತುದಿಯಲ್ಲಿ ನಿಂತು ಮೂವತ್ತು ವರ್ಷ ಹೇಳಿದ ‘ಸಾವಕಾಶ ಆಗಲಿ’ ಎಂಬ ಮಾತು ಅಂದು ಅವರ ಬಾಯಿಂದ ಬರಲಿಲ್ಲ. ಆ ಮಾತಿಲ್ಲದೆ ಜನ ಬೇಗಬೇಗ ಉಂಡರು. ಎರಡನೆಯ ಸಲ ಬೇಡಲು ಒಬ್ಬರೂ ಕೈ ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಮಹಾಲಿಂಗ ಕಚೇರಿಯ ಚೀಲ ಹಿಡಿದು, ಮೂರನೆಯ ಮಹಡಿಯ ತನ್ನ ಮನೆಯ ಬಾಗಿಲು ತೆರೆದ. ಕೆಳಗಿಳಿಯುವ ಮೆಟ್ಟಿಲುಗಳ ಮೇಲ್ತುದಿಯಲ್ಲಿ ವರದಾಬಾಯಿ ಕುಳಿತಿದ್ದರು. ಅವರಿಂದ ಕೆಳಗೆ, ಮೆಟ್ಟಿಲಿಗೆ ಇಬ್ಬರಂತೆ, ತೊಡೆಯ ಮೇಲೆ ಪಾಟಿ ಇಟ್ಟುಕೊಂಡ ಮಕ್ಕಳು. ಕಾಗುಣಿತದ ಸದ್ದು ಮೂರೂ ಮಹಡಿಗಳಲ್ಲಿ ಮೊಳಗುತ್ತಿತ್ತು. ನೆರೆಯವರ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡಿದ್ದವು.

“ಏನಿದು, ಬಾಯಾರ? ಮಂದಿ ನೋಡ್ಲಿಕ್ಕತ್ಯಾರ.”

“ನೋಡ್ಲಿ.”

“ದಾರಿ ಬಿಡ್ರಿ. ನನಗ ತಡ ಆಗ್ಯದ.”

“ಇವರಿಗೂ ಆಗ್ಯದ್ರಿ. ಕೋಣಿ ನಿಮ್ಮ ಕಡೆ ಬಾಕಿ ಅದ. ಅದು ತೀರೋತನಕಾ ಸಾಲಿ ಇಲ್ಲೇ.” ಅವರು ಮಕ್ಕಳ ಕಡೆ ತಿರುಗಿದರು. “ಯಾರೂ ಏಳಬ್ಯಾಡ್ರಿ. ಬರೀರಿ.”

ಯಾರೂ ಏಳಲಿಲ್ಲ. ಮಹಾಲಿಂಗ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಗೋಡೆಗೆ ಆತುಕೊಂಡು, ಪಾಟಿಗಳ ನಡುವೆ ಒಂದು ಕಾಲಿಡುವಷ್ಟು ಜಾಗ ಹುಡುಕತೊಡಗಿದ.