ಕೊನೆಯ ಮೇಜಿನ ಹಕ್ಕರಕಿ

ಕೊನೆಯ ಮೇಜಿನ ಮೇಲೆ ಒಂದು ಪುಟ್ಟ ಕುಂಡ. ಅದರಲ್ಲೊಂದು ಹಸಿರು ಗಿಡ...

ನೋಡಿದ್ದೇ ತಡ, ಸಾಕವ್ವನ ಮುಖ ಅರಳಿತು. ಇದು ತನಗೆ ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತು!

ಅದು ಕೃಷಿ ಪದವಿಗೆ ಸೇರಬಯಸುವ ರೈತರ ಮಕ್ಕಳ ಪ್ರಾಯೋಗಿಕ ಪರೀಕ್ಷೆ. ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು, ಸಿಇಟಿ ಬರೆದಿರಬೇಕು. ಕೃಷಿಕರ ಕೋಟಾದಲ್ಲಿ ಸೀಟು ಬೇಕೆಂದರೆ ಇದನ್ನೂ ದಾಟಬೇಕು. ಬೀಜ, ಗೊಬ್ಬರ, ಹುಳು, ಸಲಕರಣೆಗಳನ್ನು ಮುಂದಿಟ್ಟು ಕೇಳುತ್ತಾರೆ.

ರೋಣದ ಕಡೆಯ ಸಾಕವ್ವನ ಸಿಇಟಿ ಅಂಕ ಅಷ್ಟಕ್ಕಷ್ಟೆ. ಇಲ್ಲಿನ ಅಂಕ ಕೈ ಹಿಡಿದರೆ ಕಾಲೇಜು... ಇಲ್ಲದಿದ್ದರೆ ಅಜ್ಜಿ ನೋಡಿಟ್ಟಿರುವ ಗಂಡು.

ಮೂವರು ಅಕ್ಕಂದಿರ ಓದು ಹಾಗೆಯೇ ನಿಂತಿತ್ತು.

ಇಲ್ಲಿಯವರೆಗೆ ಎಲ್ಲವೂ ಸಲೀಸಾಗಿತ್ತು. ಕುಸುಬೆ, ಅಗಸೆ ಬೀಜ ಗುರುತಿಸಿದ್ದಳು. ಬಿತ್ತುವ ಕೂರಿಗೆಯ ಒಂದೊಂದು ಭಾಗವನ್ನೂ ಮುಟ್ಟಿ ಹೆಸರು ಹೇಳಿದ್ದಳು.

ಕೊನೆಯ ಮೇಜಿನಲ್ಲಿದ್ದ ಪರೀಕ್ಷಕಿ ವಸುಂಧರಾ ಮೇಡಂ, ಹಾಸನದ ಕಡೆಯವರು. ಪರೀಕ್ಷೆ ನಡೆಯುತ್ತಿದ್ದ ಈ ಕೃಷಿ ಕಾಲೇಜಿಗೆ ಹೊಸಬರು.

"ಇದು ಯಾವ ಗಿಡಮ್ಮ?"

"ಹಕ್ಕರಕಿ ರೀ."

"ಬೆಳೆಯೋ, ಕಳೆಯೋ?"

"ಪಲ್ಲೆ ರೀ ಮೇಡಂ."

ಹಿಂದೆ ನಿಂತಿದ್ದವರು ಕಿಸಕ್ಕೆಂದರು.

"ಎರಡರಲ್ಲಿ ಒಂದು ಹೇಳು. ಬೆಳೆ... ಇಲ್ಲ, ಕಳೆ."

ಸಾಕವ್ವ ಯೋಚಿಸಿದಳು. ಅವರ ಹೊಲದಲ್ಲಿ ಹಕ್ಕರಕಿಯನ್ನು ಯಾರೂ ಬಿತ್ತುವುದಿಲ್ಲ. ಹಾಗಾದರೆ ಅದು ಬೆಳೆಯಲ್ಲ. ಆದರೆ ಕಿತ್ತು ಬದುವಿಗೆ ಎಸೆಯುವುದೂ ಇಲ್ಲ, ತಿನ್ನಲು ಉಡಿ ತುಂಬಿಕೊಂಡು ಮನೆಗೆ ತರುತ್ತಾರೆ. ಮತ್ತೆ ಕಳೆ ಹೇಗಾಯಿತು?

ಅವಳಿಗೆ ಪರೀಕ್ಷೆಯೇ ಮರೆತುಹೋಯಿತು.

"ಮೇಡಂ, ಕಳೆ ಅಂದ್ರ ಏನ್ರೀ?"

"ಲೇ, ಪರೀಕ್ಷಾ ನಿಂದೋ ಅವರದೋ?" ಎಂದ ಹಿಂದಿನ ಹುಡುಗ.

ಮೇಡಂಗೂ ನಗು ಬಂತು. "ಬೇಡದ ಜಾಗದಲ್ಲಿ ಬೆಳೆದ ಗಿಡ."

"ಯಾರಿಗೆ ಬ್ಯಾಡಾದ್ದು ರೀ?"

ಮೇಡಂ ಪೆನ್ನು ಅಲ್ಲಿಯೇ ನಿಂತಿತು...

"ಹಂಗಾರ ಇದು ಕಳೆ ಅಲ್ರೀ. ನಮಗ ಬೇಕು."

ಮೇಡಂ ಹಾಲ್ ಟಿಕೆಟ್ಟಿನ ಹೆಸರು ನೋಡಿದರು. ಅವಳ ಮುಖ ನೋಡಿದರು. ಏನೋ ಬರೆದು, ಹೋಗು ಎಂಬಂತೆ ತಲೆಯಾಡಿಸಿದರು.

ಹೊರಗೆ ಬೇವಿನ ಮರದ ಕೆಳಗೆ ತಾಯಿ ನೀಲವ್ವ ಕಾಯುತ್ತಿದ್ದಳು. ಎಲ್ಲರ ಸರದಿ ಮುಗಿಯುವ ಹೊತ್ತಿಗೆ ಇಬ್ಬರೂ ಬುತ್ತಿ ಬಿಚ್ಚಿದರು.

"ಯವ್ವಾ, ಕಡೀದೊಂದು ತಪ್ಪಿದಂಗ ಕಾಣ್ತೈತಿ." ಸಾಕವ್ವ ರೊಟ್ಟಿಯ ಮೇಲಿದ್ದ ಸೊಪ್ಪು ತೋರಿಸಿದಳು. "ಇದಕ್ಕ ಕಳೆ ಅನಬೇಕಾಗಿತ್ತೇನೋ."

"ಹಕ್ಕರಕೀಗೆ? ಯಾರಿಗೆ ತಲಿ ಕೆಟ್ಟೈತಿ!"

"ನನಗೇ ಕೆಟ್ಟಿದೆ," ಎಂದಿತು ಹಿಂದಿನಿಂದ ಒಂದು ದನಿ.

ವಸುಂಧರಾ ಮೇಡಂ! ನೀಲವ್ವ ನಾಲಿಗೆ ಕಚ್ಚಿಕೊಂಡಳು.

"ಪರೀಕ್ಷೆ ಮುಗೀತು. ಅಂಕ ಎಲ್ಲ ಒಪ್ಪಿಸಿ ಬಂದೆ, ಈಗ ಕೇಳಬಹುದು. ಇದನ್ನ ಹೇಗೆ ತಿಂತೀರಿ? ಆಗಿನಿಂದ ತಲೆ ಕೊರೀತಿದೆ."

"ಕುಂಡ್ರಿ ರೀ ಅಕ್ಕಾರ," ಎಂದಳು ನೀಲವ್ವ. "ಹೇಳೂದೇನು, ತಿಂದ ನೋಡ್ರಿ."

ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹಸಿಮೆಣಸಿನಕಾಯಿ, ಹಸಿ ಹಕ್ಕರಕಿ. ಮೇಡಂ ನಿಧಾನವಾಗಿ ಅಗಿದರು.

"ಮೊದಲು ಚೂರು ಕಹಿ... ಆಮೇಲೆ ರುಚಿ." ನಂತರ ಸಾಕವ್ವನತ್ತ ತಿರುಗಿದರು. "ಆದರೆ ಆ ಪ್ರಶ್ನೆಗೆ ನಿನಗೆ ಸೊನ್ನೆ. ಉತ್ತರ ಕಳೆ ಅಂತಲೇ ಇತ್ತು. ನಿಯಮ ಎಲ್ಲರಿಗೂ ಒಂದೇ."

ಸಾಕವ್ವ ತಲೆ ತಗ್ಗಿಸಿದಳು.

"ಇನ್ನೊಂದು ಕೇಳಲಾ? ಸಾಕವ್ವ ಅಂತ ಯಾಕೆ ಹೆಸರಿಟ್ಟರು?"

ನೀಲವ್ವ ರೊಟ್ಟಿ ಮುರಿಯತೊಡಗಿದಳು. ಸಾಕವ್ವನೇ ನಗುತ್ತ ಹೇಳಿದಳು. "ನಾಕನೇದ್ದೂ ಹೆಣ್ಣ ಆತಲ್ರೀ. ಹೆಣ್ಣು ಇನ್ನ ಸಾಕು ಅಂತ ನಮ್ಮಜ್ಜಿ ಇಟ್ಟಾಳ್ರಿ. ನಮ್ಮ ಕಡೆ ಹಂಗ ಇಡ್ತಾರ... ಲೆಕ್ಕ ಹಿಡದ್ರ ನಾನೂ ಕಳೇನ ರೀ ಮೇಡಂ!"

ರೊಟ್ಟಿ ಮುರಿಯುತ್ತಿದ್ದ ನೀಲವ್ವನ ಕೈ ನಿಂತಿತು.

"ಯಾರಂದ್ರ ನಿನಗ ಹಂಗಂತ?"

"ಯಾರ ಯಾಕ ಅನಬೇಕ ಯವ್ವಾ... ಹೆಸರ ಹೇಳ್ತೈತಲ್ಲ."

"ಸಾಕಾಗಿದ್ದು ನಿಮ್ಮಜ್ಜಿಗೆ." ನೀಲವ್ವ ರೊಟ್ಟಿ ಕೆಳಗಿಟ್ಟಳು. "ತೊಟ್ಟಿಲದ ಮುಂದ ಎಲ್ಲಾರೂ ಇದ್ರು. ನನ್ನ ಯಾರೂ ಕೇಳಲಿಲ್ಲ... ನನಗ ನೀ ಬೇಕಾಗಿದ್ದಿ."

ಸಾಕವ್ವ ತಾಯಿಯ ಮುಖವನ್ನೇ ನೋಡಿದಳು. ಹುಟ್ಟಿದಾಗಿನಿಂದ ಹೆಸರು ಹಿಡಿದು ಎಷ್ಟು ಜನ ಕರೆದಿದ್ದರೋ... ಈ ಮಾತನ್ನು ಮಾತ್ರ ಯಾರೂ ಅವಳಿಗೆ ಹೇಳಿರಲಿಲ್ಲ.

ಅವಳು ನಗಲು ನೋಡಿದಳು. ಆಗಲಿಲ್ಲ. ತಾಯಿಯ ಹೆಗಲಿಗೆ ಮುಖ ಒತ್ತಿದಳು.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಹಸಿಮೆಣಸಿನಕಾಯಿ ಕಡಿಯದಿದ್ದರೂ ಅವರ ಕಣ್ಣಲ್ಲಿ ನೀರಿತ್ತು.

ಮೊದಲ ಸುತ್ತಿನಲ್ಲಿ ಸಾಕವ್ವನಿಗೆ ಸೀಟು ಸಿಗಲಿಲ್ಲ. "ನಾ ಹೇಳಿದ್ದಿಲ್ಲ?" ಎಂದು ಅಜ್ಜಿ ಗಂಡಿನ ಕಡೆಯವರಿಗೆ ಹೇಳಿ ಕಳಿಸಲು ಹೊರಟಳು.

ನೀಲವ್ವ ಬಾಗಿಲಿಗೆ ಅಡ್ಡ ನಿಂತಳು. "ಈ ಸಲ ನನ್ನೂ ಕೇಳ್ರಿ ಅತ್ತಿ. ಎರಡನೇ ಸುತ್ತು ಐತಿ. ಅಲ್ಲೀತನ ಯಾರಿಗೂ ಮಾತ ಕೊಡೂದು ಬ್ಯಾಡ."

ಎದುರು ಮಾತಾಡಿ ಗೊತ್ತಿಲ್ಲದ ಸೊಸೆ... ಅಜ್ಜಿ ಬಾಯಿ ತೆರೆದವಳು ಹಾಗೇ ಕುಳಿತಳು.

ಎರಡನೇ ಸುತ್ತಿನಲ್ಲಿ ಸೀಟು ಸಿಕ್ಕಿತು. ಅದೇ ಕಾಲೇಜಿನಲ್ಲಿ.

ಕಳೆಗಳ ಬಗ್ಗೆ ಮೊದಲ ತರಗತಿ. ವಸುಂಧರಾ ಮೇಡಂ ಮೇಜಿನ ಮೇಲೆ ಹಕ್ಕರಕಿಯ ಕುಂಡ ಇಟ್ಟು ಕೇಳಿದರು, "ಕಳೆ ಎಂದರೇನು?"

ಮುಂದಿನ ಬೆಂಚಿನ ಹುಡುಗ ಎದ್ದು ಥಟ್ಟನೆ ಹೇಳಿದ, "ಬೇಡದ ಜಾಗದಲ್ಲಿ ಬೆಳೆದ ಗಿಡ."

ಮೇಡಂ ಹಿಂದಿನ ಬೆಂಚಿನತ್ತ ನೋಡಿದರು. "ಸಾಕವ್ವ, ನೀನೇನೋ ಕೇಳಬೇಕಲ್ಲ?"

ಅವಳು ಎದ್ದು ನಿಂತಳು. ಈ ಸಲ ಯಾರೂ ಕಿಸಕ್ಕೆನ್ನಲಿಲ್ಲ.

"ಯಾರಿಗೆ ಬ್ಯಾಡಾದ್ದು ರೀ?"

"ಎಲ್ಲರೂ ಬರ್ಕೊಳ್ಳಿ," ಎಂದರು ಮೇಡಂ. "ನಮ್ಮ ಪಾಠ ಈ ಪ್ರಶ್ನೆಯಿಂದ ಶುರು."

ಬೇಡ ಎಂದವರ ದನಿ ಬೇಗ ಕೇಳಿಸುತ್ತದೆ... ಬೇಕು ಎಂದವರು ಇನ್ನೂ ಬಾಯಿ ತೆರೆದಿರಲಿಕ್ಕಿಲ್ಲ.

"ನನಗೆ ನೀ ಬೇಕು" ಎಂಬ ಮಾತನ್ನು ನಿಮ್ಮ ಮನೆಯಲ್ಲಿ ಇನ್ನೂ ಯಾರಿಗೆ ಹೇಳದೆ ಉಳಿಸಿಕೊಂಡಿದ್ದೀರಿ...?