ಎರಡನೆಯ ರವಾನೆ

ಚಳಿ ಇಳಿಯುತ್ತಿದ್ದ ದಿನಗಳು. ಸಂಬಳದ ಸಂಜೆ, ಐದರ ಹೊತ್ತು. ಹಣ ಕಳಿಸುವ ಅಂಗಡಿಯ ಎದುರಿಗೆ, ಬಸ್ ನಿಲ್ದಾಣದ ಕಂಬದ ಮರೆಯಲ್ಲಿ ನಿಂತು ಲಿಫ್ಟ್ ಮೆಕ್ಯಾನಿಕ್ ತನ್ನ ಹೆಂಡತಿಯನ್ನೇ ನೋಡುತ್ತಿದ್ದ.

ಸಾಬೂನು ತರುತ್ತೇನೆಂದು ಹೋದವಳು ಅವಳು. ಈಗಷ್ಟೇ ಇಬ್ಬರೂ ಇದೇ ಕೌಂಟರಿನಿಂದ ಊರಿನಲ್ಲಿರುವ ಅವಳ ತಾಯಿಗೆ ದುಡ್ಡು ಕಳಿಸಿದ್ದರು. ಈಗ ಒಬ್ಬಳೇ ಮತ್ತೆ ಒಳಗೆ ಹೋಗಿ ಗುರುತಿನ ಕಾರ್ಡನ್ನು ಗಾಜಿನ ಕೆಳಗೆ ತಳ್ಳಿದಳು. ಕೋಟಿನ ಒಳಜೇಬಿನಿಂದ ನೋಟು ತೆಗೆದಳು. ಲಾಂಡ್ರಿಯಲ್ಲಿ ಹೊತ್ತು ಮೀರಿ ಇಸ್ತ್ರಿ ಹಾಕಿ ಗಳಿಸಿದ್ದು. ಗುಮಾಸ್ತ ಏನೋ ಕೇಳಿದ, ಅವಳು ನಕ್ಕಳು. ಆ ನಗುವನ್ನು ಮೆಕ್ಯಾನಿಕ್ ಮನೆಯಲ್ಲಿ ಕಂಡು ಎಷ್ಟು ಕಾಲವಾಗಿತ್ತೋ!

ತಾಯಿಯೊಬ್ಬಳನ್ನು ಬಿಟ್ಟರೆ ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲ. ಒಬ್ಬಳೇ ಮಗಳು. ಹಾಗಾದರೆ ಈ ದುಡ್ಡು ಯಾವನಿಗೆ?

"ನಾನೂ ನೋಡ್ತಾನೇ ಇದೀನಿ ಕಣಯ್ಯಾ," ಎಂದ ಜೊತೆಗೆ ಬಸ್ಸಿಗೆ ಕಾಯುತ್ತಿದ್ದ ಪಕ್ಕದ ಕೋಣೆಯ ಪೇಂಟರ್. "ಮೊದಲನೆಯವಳನ್ನ ಕಾಯಿಲೆ ಕಿತ್ಕೊಂಡು ಹೋಯ್ತು ಅಂತೀಯ. ಇವಳನ್ನಾದ್ರೂ ಭದ್ರವಾಗಿ ಇಟ್ಕೊಳೋ."

ಮೆಕ್ಯಾನಿಕ್ ನೆಲ ನೋಡಿದ.

ಮನೆಯಲ್ಲಿ ಅವಳ ಫೋನು ಬಡಿದುಕೊಂಡರೆ ಮೆಟ್ಟಿಲ ಬಳಿ ಹೋಗಿ ಪಿಸುಗುಡುತ್ತಿದ್ದಳು.

"ಯಾರದೇ ಅದು?"

"ಊರಿಂದ."

"ಊರಲ್ಲಿ ನಿನಗ್ಯಾರಿದ್ದಾರೆ?"

"ಊರಲ್ಲಿ ಜನಕ್ಕೇನು ಬರವಾ ರೀ? ನಿಮಗೆ ಯಾರು ಬೇಕು ಹೇಳಿ, ಮಾತಾಡಿಸ್ತೀನಿ."

ಮುಂದಿನ ಸಂಬಳಕ್ಕೆ ಮೊದಲು ಅವನು ಅವಳ ಕಾರ್ಡನ್ನು ತನ್ನ ಚೀಲದಲ್ಲಿ, ಸ್ಪ್ಯಾನರುಗಳ ಅಡಿಗೆ ಹೂತಿಟ್ಟ. ಅವರಂಥ ಪರದೇಶದವರು ಕಾರ್ಡು ತೋರಿಸದೆ ಅಲ್ಲಿಂದ ಬಿಡಿಗಾಸನ್ನೂ ಕಳಿಸುವ ಹಾಗಿರಲಿಲ್ಲ.

"ನನ್ನ ಕಾರ್ಡ್ ನೋಡಿದ್ರಾ?"

"ನಿನ್ನ ಸಾಮಾನು ನಾನ್ಯಾಕೆ ಮುಟ್ಲಿ?"

ಅತ್ತೆಯ ದುಡ್ಡನ್ನು ದೊಡ್ಡ ಮನಸ್ಸಿನವನ ಹಾಗೆ ತನ್ನ ಕಾರ್ಡಿನಲ್ಲೇ ಕಳಿಸಿದ. "ಇನ್ನೇನಾದ್ರೂ ಕಳಿಸೋದಿದ್ಯಾ?" ಎಂದು ಬೇಕೆಂದೇ ಕೇಳಿದ. ಅವಳು ತುಟಿ ಕಚ್ಚಿಕೊಂಡಳು.

ಭಾನುವಾರ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋಗಿದ್ದಾಗ ಫೋನು ಬಡಿದುಕೊಂಡಿತು. ಊರಿನ ನಂಬರು. ಸಿಕ್ಕಿಬಿದ್ದ ಕಳ್ಳ ಎಂದು ಎತ್ತಿದ.

ಗಂಡಸಿನ ದನಿಯಲ್ಲ. ಹರೆಯದ ಹುಡುಗಿಯದು.

"ಚಿಕ್ಕಮ್ಮಾ, ಈ ಸಲ ದುಡ್ಡು ಬರಲಿಲ್ಲ. ಅಮ್ಮನ ಮಾತ್ರೆ ಮುಗಿದುಹೋಗಿದೆ."

ಅಕ್ಕನೇ ಇಲ್ಲದವಳನ್ನು ಚಿಕ್ಕಮ್ಮಾ ಎನ್ನುವವಳು ಎಲ್ಲಿಂದ ಬಂದಳು? ಆ ಗಂಡಸು ಹುಡುಗಿಯನ್ನು ಮುಂದೆ ಬಿಟ್ಟು ಆಟವಾಡುತ್ತಿದ್ದಾನೆ.

"ನಾಟಕ ಸಾಕು! ನಿಮ್ಮಪ್ಪನ ಕೈಗೆ ಕೊಡು ಫೋನು."

"ಅಪ್ಪ ಇಲ್ಲಿಲ್ಲ. ನಾನು ತೊಟ್ಟಿಲಲ್ಲಿದ್ದಾಗಲೇ ಬಿಟ್ಟು ಹೋದ್ರು."

"ಅವನ ಹೆಸರು ಹೇಳು!"

ಹುಡುಗಿ ಹೆದರಿ ಹೇಳಿದಳು. ಅದು ಮೆಕ್ಯಾನಿಕ್‌ನದೇ ಹೆಸರು.

ಬಚ್ಚಲ ಬಾಗಿಲು ತೆರೆಯಿತು. ಒದ್ದೆ ಕೂದಲಲ್ಲೇ ಹೆಂಡತಿ ಕೈ ಚಾಚಿದಳು. "ಫೋನ್ ಕೊಡಿ. ಕಾರ್ಡೂ ಕೊಡಿ."

ಶುಕ್ರವಾರ ಅವಳು ಗಂಟುಮೂಟೆ ಕಟ್ಟಿ ಹೊರಟಳು, ಸತ್ತುಹೋದಳೆಂದು ಗಂಡ ಇಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದ ಅವನ ಮೊದಲ ಹೆಂಡತಿಯ ಮನೆಗೆ.