ಅಲೆಯದ ಮನಸ್ಸು

ಪರದೆಯ ಮೇಲೆ ಒಂದು ಹಳದಿ ವೃತ್ತ ಮೂಡಿತು. ಸ್ವಲ್ಪ ಹೊತ್ತು ನಿಂತು ಮರೆಯಾಯಿತು.

"ಈಗ ಏನು ಯೋಚನೆ ಮಾಡ್ತಿದ್ರಿ, ಟೋರ್ಕಿಲ್?" ಸಂಶೋಧಕಿ ಸಿಗ್ನೆ ಕೇಳಿದಳು.

"ಹಳದಿ ವೃತ್ತ."

"ಬೇರೇನೂ ಬರ್ಲಿಲ್ವಾ ಮನಸ್ಸಿಗೆ? ಮನೆ, ಊಟ, ಹಳೇದೇನಾದ್ರೂ?"

"ವೃತ್ತ ಇತ್ತಲ್ಲ."

ಆಮೇಲೆ ನೀಲಿ ಚೌಕ ಬಂತು. ಅವನ ಉತ್ತರವೂ ನೀಲಿ ಚೌಕವೇ. ಹಿಂದೆ ಕೂತಿದ್ದ ಅವನ ಹೆಂಡತಿ ಬೋಡಿಲ್ ನಗಲು ನೋಡಿದಳು. "ಸ್ಕೂಲಲ್ಲಿ ಇಷ್ಟು ಗಮನ ಇದ್ದಿದ್ರೆ ಮೇಷ್ಟ್ರ ಹತ್ರ ಏಟು ತಿಂತಿರ್ಲಿಲ್ಲ ಇವನು."

ಟೋರ್ಕಿಲ್ ಆರ್ಹುಸ್ ಬಂದರಿನಲ್ಲಿ ಮರದ ದೋಣಿ ಕಟ್ಟುತ್ತಿದ್ದವನು. ಅವನೇ ಕಟ್ಟಿಕೊಟ್ಟ ದೋಣಿ ಕೊಲ್ಲಿಯಲ್ಲಿ ಮಗುಚಿ ಒಬ್ಬಳೇ ಮಗಳು ಹೋದಮೇಲೆ ಅವನ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ. ಊಟದ ನಡುವೆ ಸೂಪಿನ ಚಮಚ ಕೈಯಲ್ಲೇ ಉಳಿಯುತ್ತಿತ್ತು. ಎಲ್ಲಿಗೆ ಹೋಗಿದ್ದೆ ಎಂದು ಬೋಡಿಲ್ ಕೇಳುತ್ತಿರಲಿಲ್ಲ. ಅವಳೂ ಅಲ್ಲಿಗೇ ಹೋಗಿ ಬಂದಿರುತ್ತಿದ್ದಳು. ಮಗಳ ಹೆಸರನ್ನು ಇಬ್ಬರೂ ಎತ್ತದೆಯೇ ವರ್ಷಗಳು ಕಳೆದಿದ್ದವು. ಈಚೆಗೆ ಅವನ ಚಮಚ ನಿಲ್ಲುವುದಿಲ್ಲ. ತಟ್ಟೆ ಖಾಲಿಯಾಗುವವರೆಗೂ ತಿನ್ನುತ್ತಾನೆ.

ಸಿಗ್ನೆ ಕುರ್ಚಿಯನ್ನು ಬೋಡಿಲ್ ಹತ್ತಿರಕ್ಕೆ ಎಳೆದುಕೊಂಡಳು. "ಕೆಲಸ ಇಲ್ಲದಾಗ ಮಿದುಳು ಸುಮ್ನೆ ಕೂರಲ್ಲ. ಹಿಂದಿನದಕ್ಕೆ ಹೋಗತ್ತೆ, ಮುಂದಿನದಕ್ಕೆ ಹೋಗತ್ತೆ. ಅದಕ್ಕೆ ಅದರ ಕೆಲವು ಭಾಗಗಳು ಒಟ್ಟಿಗೆ ಕೆಲಸ ಮಾಡ್ಬೇಕು. ಇವರಿಗೆ ಬಂದಿರೋ ಮಿದುಳಿನ ಕಾಯಿಲೆ ಆ ನಂಟನ್ನೇ ಕಡೀತಾ ಇದೆ. ಕಣ್ಣೆದುರು ಇರೋದನ್ನ ಬಿಟ್ಟು ಮನಸ್ಸು ಕದಲ್ತಿಲ್ಲ."

"ಹಾಗಾದ್ರೆ ಮಗಳು ಮರೆತೇ ಹೋದ್ಲಾ?"

"ಇಲ್ಲ. ಕೇಳಿದ್ರೆ ಹೇಳ್ಬಹುದು. ತಾನಾಗಿ ನೆನಪಿಗೆ ಬರಲ್ಲ, ಅಷ್ಟೇ. ಒಂದು ಲೆಕ್ಕದಲ್ಲಿ, ಅವರಿಗೆ ಈಗ ಆ ನೋವಿಲ್ಲ."

"ಗೊತ್ತು," ಎಂದಳು ಬೋಡಿಲ್. "ನಾನೊಬ್ಬಳೇ ಉಳ್ಕೊಂಡೆ."

ಅವಳು ಎದ್ದು ಹೋಗಿ ಗಂಡನ ಎದುರು ಮಂಡಿಯೂರಿದಳು. ಅವನ ಎರಡೂ ಕೈ ಹಿಡಿದುಕೊಂಡಳು. ವರ್ಷಗಳ ಮೇಲೆ ಮಗಳ ಹೆಸರೆತ್ತಿದಳು.

"ಟೋರ್ಕಿಲ್, ನಮ್ಮ ಮಾಲೆನೆ ಎಲ್ಲಿ?"

"ಸತ್ತಳು," ಎಂದ ಅವನು, ದಾರಿ ಕೇಳಿದವರಿಗೆ ಹೇಳುವ ದನಿಯಲ್ಲಿ. "ದೋಣಿ ನಾನೇ ಕಟ್ಟಿದ್ದು. ಮಗುಚಿತು."

ಬೋಡಿಲ್ ಅವನ ಕೈ ಬಿಡಲಿಲ್ಲ. ಇನ್ನೇನಾದರೂ ಬರಬಹುದೆಂದು ಅವನ ಮುಖವನ್ನೇ ನೋಡುತ್ತಾ ಕಾದಳು. ಅವನೂ ಅವಳನ್ನೇ ನೋಡುತ್ತಿದ್ದ.

"ನಿನ್ನ ಮುಖ ಒದ್ದೆಯಾಗಿದೆ," ಎಂದ.